ಅಗ್ಗದ ಟಿಕೆಟಿನ ಲೆಕ್ಕ

ಸಹೋದರಿಯರೇ, ಪ್ಯಾರಿಸ್, ಬಾರ್ಸಿಲೋನಾ, ಕೊರ್ಡೋವಾ, ಗ್ರನಾಡ ಇವುಗಳನ್ನು ಕುಟುಂಬ ಸಮೇತ ನೋಡಿ ಬರುವ ಆಸೆ ನಿಮಗಿದ್ದರೆ ಮೊದಲು ವೀಸಾದ ಕಡೆ ಗಮನ ಕೊಡಿ. ಫ್ರಾನ್ಸ್, ಸ್ಪೇನ್ ಎರಡಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಹೆಚ್ಚು ದಿನ ತಂಗುವುದು ಸ್ಪೇನ್‌ನಲ್ಲಾದರೆ ಅರ್ಜಿಯನ್ನೂ ಸ್ಪೇನ್‌ಗೇ ಹಾಕಬೇಕು, ವಿಮಾನ ಪ್ಯಾರಿಸ್‌ನಲ್ಲಿ ಇಳಿದರೂ ಸರಿಯೇ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ವೀಸಾ ಸಿಗದಿದ್ದರೂ ಅದು ಮರಳಿ ಬರುವುದಿಲ್ಲ. ಆದ್ದರಿಂದ ಹಣ ವಾಪಸಾಗದ ಟಿಕೆಟುಗಳನ್ನು ವೀಸಾ ಕೈಸೇರುವ ಮೊದಲು ಖರೀದಿಸಬೇಡಿ.

ಅಗ್ಗದ ವಿಮಾನಗಳ ದರ ಕಂಡರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಆ ದರದಲ್ಲಿ ಸೀಟಿನ ಕೆಳಗೆ ಹಿಡಿಯುವ ಒಂದು ಪುಟ್ಟ ಚೀಲಕ್ಕಷ್ಟೇ ಜಾಗ. ಸೂಟ್‌ಕೇಸಿಗೆ ಬೇರೆ ಹಣ. ಪ್ಯಾರಿಸ್ ಹೆಸರಿನಲ್ಲೇ ಟಿಕೆಟ್ ಮಾರುವ ಬೋವೆ ವಿಮಾನ ನಿಲ್ದಾಣವಂತೂ ನಗರದಿಂದ ಸುಮಾರು 80 ಕಿ.ಮೀ. ದೂರ. ಬಸ್ಸಿನ ಖರ್ಚನ್ನು ಮನೆಮಂದಿಯ ಲೆಕ್ಕದಲ್ಲಿ ಕೂಡಿಸಿ ನೋಡಿ! ಮಕ್ಕಳು, ಅತ್ತೆ-ಮಾವಂದಿರೊಂದಿಗೆ ಹೋಗುವವರಿಗೆ ರೈಲೇ ಲೇಸು. ಪ್ಯಾರಿಸ್‌ನಿಂದ ಬಾರ್ಸಿಲೋನಾಕ್ಕೆ ನೇರ ರೈಲಿನಲ್ಲಿ ಸುಮಾರು ಏಳು ಗಂಟೆ, ಅಲ್ಲಿಂದ ಮ್ಯಾಡ್ರಿಡ್‌ಗೆ ಮೂರು, ಮುಂದೆ ಕೊರ್ಡೋವಾಕ್ಕೆ ಸುಮಾರು ಎರಡು. ಇಳಿಯುವುದು ಊರೊಳಗೇ. ಬುತ್ತಿ ಕಟ್ಟಿಕೊಂಡರೆ ದಾರಿಯಲ್ಲಿ ಹಲಾಲ್ ಊಟದ ಚಿಂತೆಯೂ ಇಲ್ಲ.

ವೀಸಾ ಸಿಕ್ಕ ಮೇಲೆ ಮೊದಲು ಗ್ರನಾಡದ ಅಲ್‌ಹಂಬ್ರಾ ಟಿಕೆಟ್ ತೆಗೆಯಿರಿ, ಆಮೇಲೆ ರೈಲಿನದ್ದು. ಅಲ್ಲಿನ ನಸ್ರಿದ್ ಅರಮನೆಗಳಿಗೆ ಟಿಕೆಟಿನಲ್ಲಿರುವ ವೇಳೆಗೇ ಹೋಗಬೇಕು, ಪಾಸ್‌ಪೋರ್ಟ್ ಕೈಯಲ್ಲಿರಲಿ. ಕೊರ್ಡೋವಾದ ಮಹಾ ಮಸೀದಿ ಇಂದು ಕ್ರೈಸ್ತ ದೇವಾಲಯ. ಅಲ್ಲಿ ನಮಾಝ್‌ಗೆ ಅನುಮತಿಯಿಲ್ಲವೆಂದು ಹಿರಿಯರಿಗೆ ಮನೆಯಲ್ಲೇ ತಿಳಿಸಿಡಿ. ಮರಳಲು ಪುನಃ ಪ್ಯಾರಿಸ್‌ಗೆ ಹೋಗಬೇಕಿಲ್ಲ, ಮ್ಯಾಡ್ರಿಡ್‌ನಿಂದಲೇ ವಿಮಾನ ಹತ್ತುವಂತೆ ಟಿಕೆಟ್ ಮಾಡಿಸಿ.