ಊರಿಗೆ ಹೋದಾಗ ಮಾತ್ರೆ ಡಬ್ಬಿ ತೆರೆದು ನೋಡಿ

ನಮ್ಮ ಸಂಘದ ಈ ಹಬ್ಬದ ಸಂಚಿಕೆಯ ತುಂಬ ಕೆಜಿಎಫ್ ಎಂಬ ಕೋಲಾರ ಚಿನ್ನದ ಗಣಿಯೂರಿನ ನೆನಪುಗಳಿವೆ: ಸಯನೈಡ್ ದಿಬ್ಬ, ಲೈನ್ ಮನೆ, ಮಾರಿಕುಪ್ಪಂ ರೈಲು. ಸಂಪಾದಕೀಯವನ್ನು ಮಾತ್ರ ಹಬ್ಬದ ಸಂಚಿಕೆಗಳಲ್ಲಿ ಯಾರೂ ಎತ್ತದ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಕುಡಿತದ ಮೇಲೆ ಮಾತ್ರೆ ಬಿದ್ದಾಗ ಜೀವಕ್ಕೆ ಬರುವ ಕುತ್ತು ಅದು.

2001ರ ಫೆಬ್ರವರಿ 28ರಂದು ಅಲ್ಲಿನ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಮಕ್ಕಳಾದ ನಾವು ಕೆಲಸ ಹುಡುಕಿಕೊಂಡು ಹೊರನಾಡಿಗೆ ಬಂದೆವು. ಹಿರಿಯರು ಕೋರಮಂಡಲ್, ಉರಿಗಾಂ, ಬಂಗಾರಪೇಟೆಯಲ್ಲೇ ಉಳಿದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿನ ಕಲ್ಲಿನ ಧೂಳು ಎದೆಯಲ್ಲಿ ಕೂತು ಸಿಲಿಕೋಸಿಸ್ ಆಗುತ್ತದೆ, ಅದಿದ್ದವರಿಗೆ ಕ್ಷಯವೂ ಬೇಗ ತಗಲುತ್ತದೆ. ಮೈನೋವಿಗೆಂದು ಶುರುವಾದ ಸಂಜೆಯ ಕುಡಿತ ಕೆಲಸ ಹೋದಮೇಲೂ ಎಷ್ಟೋ ಮನೆಗಳಲ್ಲಿ ಮುಂದುವರಿಯಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದಾಯಿತು, ಕುಡಿತ ಬಂದಾಗಲಿಲ್ಲ.

ಇಂಥ ಮನೆಯ ಮಾತ್ರೆ ಡಬ್ಬಿಯಲ್ಲಿ ಏನೇನಿರುತ್ತದೆ? ಹೆಸರಿನ ಕಡೆ ಕತ್ತರಿಸಿಹೋದ ಪಟ್ಟಿಗಳು, ಅರ್ಧ ಉಳಿದ ಕೆಮ್ಮಿನ ಸಿರಪ್, ಸಕ್ಕರೆ ಕಾಯಿಲೆಯ ಮಾತ್ರೆ, ಯಾವಾಗಲೋ ಬರೆಸಿಕೊಂಡ ನಿದ್ದೆ ಮಾತ್ರೆ. ನಿದ್ದೆ ಮಾತ್ರೆಯೂ ಮದ್ಯವೂ ಮಿದುಳನ್ನು ಮಂಕು ಮಾಡುವಂಥವೇ. ಎರಡೂ ಸೇರಿದರೆ ಉಸಿರಾಟ ನಿಧಾನವಾಗುತ್ತದೆ. ಧೂಳು ತಿಂದ ಎದೆಗೆ ಅದನ್ನು ತಾಳುವ ಶಕ್ತಿ ಎಲ್ಲಿಂದ ಬರಬೇಕು? ಕೊಡೀನ್ ಇರುವ ಸಿರಪ್, ನಿದ್ದೆ ಬರಿಸುವ ಶೀತದ ಮಾತ್ರೆಗಳದೂ ಇದೇ ಕಥೆ. ಕ್ಷಯದ ಐಸೋನಿಯಾಜಿಡ್, ರಿಫಾಂಪಿಸಿನ್ ಜೊತೆ ಕುಡಿದರೆ ಪಿತ್ತಜನಕಾಂಗ ಕೆಡಬಹುದು. ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟು ಕುಡಿದವರಿಗೆ ಸಕ್ಕರೆ ಪ್ರಮಾಣ ಇಳಿದು ಪ್ರಜ್ಞೆ ತಪ್ಪಬಹುದು. ನೋಡಿದವರು ಅಮಲೆಂದುಕೊಂಡು ಮಲಗಲು ಬಿಡುತ್ತಾರೆ. ಎಬ್ಬಿಸಿದರೂ ಏಳದವರನ್ನು ಹಾಗೆ ಬಿಡಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ. ದಿನವೂ ಕುಡಿಯುವವರಿಗೆ ಒಮ್ಮೆಲೇ ನಿಲ್ಲಿಸುವಂತೆ ಬಲವಂತ ಮಾಡುವುದೂ ಅಪಾಯ, ಫಿಟ್ಸ್ ಬರಬಹುದು. ವೈದ್ಯರ ನೆರವಿನಿಂದ ಬಿಡಿಸಬೇಕು.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವ ವಿಷಯ ಇನ್ನೊಂದಿದೆ. ಮನಸ್ಸು ಕುಸಿದಿರುವಾಗ ಮದ್ಯ ವಿವೇಕದ ಕಡಿವಾಣ ಸಡಿಲಿಸುತ್ತದೆ. ಬೆಳಗಾದರೆ ಕಳೆದುಹೋಗುವ ಯೋಚನೆ ಆ ರಾತ್ರಿಯೇ ಕೈಮೀರಬಹುದು. ಆದ್ದರಿಂದ ಅಂಥವರ ಮನೆಯಲ್ಲಿ ಮಾತ್ರೆಗಳು ಬೇರೆಯವರ ಸುಪರ್ದಿಯಲ್ಲಿರಬೇಕು. "ನಾನಿದ್ದು ಯಾರಿಗೇನು ಉಪಯೋಗ" ಎಂದು ಅಪ್ಪ ಫೋನಿನಲ್ಲಿ ಅಂದರೆ ಮಾತು ಮರೆಸಬೇಡಿ. "ಸಾಯಬೇಕು ಅನ್ನಿಸ್ತಿದೆಯಾ ಅಪ್ಪಾ?" ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ.

ಮನೆಯಲ್ಲಿ ಯಾರಾದರೂ ಸಾಯಲು ಯತ್ನಿಸಿದಾಗ ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆ ತಪ್ಪಿಸುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿರುವವರೆಂದೇ ಪರಿಗಣಿಸುತ್ತದೆ, ಅವರಿಗೆ ಚಿಕಿತ್ಸೆ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ. ಕೋಲಾರದ ಜಿಲ್ಲಾ ಆಸ್ಪತ್ರೆ ಹತ್ತಿರದಲ್ಲಿದೆ, ರೈಲಿನಲ್ಲಿ ಬೆಂಗಳೂರಿಗೆ ಹೋದರೆ ನಿಮ್ಹಾನ್ಸ್ ಇದೆ.

ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಈ ಸಲ ಊರಿಗೆ ಹೋದಾಗ ಹಿರಿಯರ ಜೊತೆ ಕೂತು ಮಾತ್ರೆ ಡಬ್ಬಿ ತೆರೆಯಿರಿ. ಬೇಡದ್ದನ್ನು ತೆಗೆಸಿ, ಉಳಿದದ್ದನ್ನು ವೈದ್ಯರಿಗೆ ತೋರಿಸಿ, ಕುಡಿತದ ವಿಷಯ ಮುಚ್ಚಿಡದೆ ಹೇಳಿ. ಹೊರಡುವ ಮುಂಚೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಅವರ ಫೋನಿನಲ್ಲಿ ಹಾಕಿಕೊಡಿ. ಹಗಲಿರುಳೂ ಉಚಿತ, ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡುತ್ತಾರೆ.