ಬಾಗಿಲು ಅಗಲ ಮಾಡುವ ಕೆಲಸ

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ನವಿಲುತೀರ್ಥದ ಸುತ್ತಲಿನ ರಸ್ತೆಗಳಲ್ಲಿ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸುಗಳ ಸಾಲು. ಎಲ್ಲರ ಮುಖವೂ ಸವದತ್ತಿಯ ಯಲ್ಲಮ್ಮನ ಗುಡ್ಡದ ಕಡೆಗೆ. ಹೋಗುವಾಗಲೋ ಬರುವಾಗಲೋ ಕೆಲವರು ಮಲಪ್ರಭೆಯ ಅಣೆಕಟ್ಟು ನೋಡಿ, ಅಲ್ಲಿಯೇ ಬುತ್ತಿ ಬಿಚ್ಚುತ್ತಾರೆ. ಈ ಜನಜಂಗುಳಿಯಲ್ಲಿ ಸೀರೆಯುಟ್ಟು, ಹಣೆ ತುಂಬ ಭಂಡಾರ ಹಚ್ಚಿಕೊಂಡು, ಚೌಡಿಕೆ ನುಡಿಸುತ್ತ ನಡೆಯುವ ಜೋಗಪ್ಪಗಳೂ ಇರುತ್ತಾರೆ. ಗುಡ್ಡದಲ್ಲಿ ಅವರ ಕಾಲಿಗೆ ಬೀಳುವವರಿದ್ದಾರೆ. ಅದೇ ಜೋಗಪ್ಪ ಮರುದಿನ ಪಟ್ಟಣದ ಓಣಿಯೊಂದರಲ್ಲಿ ನಿಂತು 'ಖೋಲಿ ಬಾಡಿಗಿಗೆ ಐತೇನ್ರಿ?' ಎಂದು ಕೇಳಿದರೆ ಮನೆಯವರು ಒಳಗಿನಿಂದಲೇ 'ಇಲ್ಲ' ಎನ್ನುತ್ತಾರೆ.

ಇದು ಸಮಾಜಶಾಸ್ತ್ರದ ಪಠ್ಯಪುಸ್ತಕಕ್ಕೆ ಮಾತ್ರ ಸೇರಿದ ವಿಷಯವಲ್ಲ. ಕೆಲಸ ಕೊಡುವ ಸಂಸ್ಥೆಗೂ ಸೇರಿದ್ದು. ಕೇರಳದ ಕೊಚ್ಚಿ ಮೆಟ್ರೊ 2017ರಲ್ಲಿ ರೈಲು ಓಡಿಸಲು ಆರಂಭಿಸಿದಾಗ ಟಿಕೆಟ್ ಕೊಡುವುದು, ಸ್ವಚ್ಛತೆ ಮೊದಲಾದ ಕೆಲಸಗಳಿಗೆ ಲಿಂಗತ್ವ ಅಲ್ಪಸಂಖ್ಯಾತರನ್ನು ತೆಗೆದುಕೊಂಡಿತು. ದೇಶದ ಪತ್ರಿಕೆಗಳೆಲ್ಲ ಹೊಗಳಿದವು. ಕೆಲವೇ ದಿನಗಳಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟರು. ಕಾರಣ ಬಹಳ ಸರಳ: ಕೊಚ್ಚಿಯಲ್ಲಿ ಅವರಿಗೆ ಬಾಡಿಗೆ ಮನೆ ಕೊಡುವವರು ಸಿಗಲಿಲ್ಲ. ಕೈಗೆ ಸಿಕ್ಕಿದ್ದ ಸಂಬಳದಲ್ಲಿ ದಿನವೂ ಲಾಡ್ಜಿನಲ್ಲಿ ಇರಲು ಸಾಧ್ಯವಿರಲಿಲ್ಲ. ನೇಮಕಾತಿ ಪತ್ರ ಕೊಡುವ ಮುನ್ನವೇ 'ಇವರು ರಾತ್ರಿ ಮಲಗುವುದು ಎಲ್ಲಿ?' ಎಂದು ಯಾರಾದರೂ ಕೇಳಿ, ಅದಕ್ಕೊಂದು ವ್ಯವಸ್ಥೆ ಮಾಡಿಸಿದ್ದರೆ ಕಥೆ ಬೇರೆಯಾಗುತ್ತಿತ್ತು.

ಹಾಗೆ ಮೊದಲೇ ಕೇಳುವುದನ್ನೇ ವೃತ್ತಿ ಮಾಡಿಕೊಂಡವರು ಈಗ ಇದ್ದಾರೆ. ಇವರಿಗೆ 'ವೈವಿಧ್ಯ ಮತ್ತು ಒಳಗೊಳ್ಳುವಿಕೆ ಸಲಹೆಗಾರರು' ಎಂಬ ಉದ್ದನೆಯ ಹೆಸರು. ಹೆಸರು ಕೇಳಿ ಹೆದರಬೇಕಾಗಿಲ್ಲ. ಹೆಂಗಸರು, ಅಂಗವಿಕಲರು, ದಲಿತರು, ಲಿಂಗತ್ವ ಅಲ್ಪಸಂಖ್ಯಾತರು, ಹಳ್ಳಿಯಿಂದ ಬಂದು ಇಂಗ್ಲಿಷ್‌ಗೆ ಅಂಜುವವರು, ಹೀಗೆ ಒಂದು ಕಚೇರಿ ಅಥವಾ ಕಾರ್ಖಾನೆಯ ಬಾಗಿಲಲ್ಲೇ ಉಳಿದುಬಿಡುವ ಜನ ಒಳಗೆ ಬರುವಂತೆ, ಬಂದವರು ಉಳಿಯುವಂತೆ, ಉಳಿದವರು ಬಡ್ತಿ ಪಡೆಯುವಂತೆ ಏನೇನು ಬದಲಾಗಬೇಕೆಂದು ಹೇಳುವುದು, ಹೇಳಿದ್ದನ್ನು ಮಾಡಿಸುವುದು ಇವರ ಕಸುಬು.

ಅಮೆರಿಕದಲ್ಲಿ ರೂಸ್‌ವೆಲ್ಟ್ ಥಾಮಸ್ ಎಂಬ ಕಪ್ಪು ಜನಾಂಗದ ವಿದ್ವಾಂಸರು 1984ರಲ್ಲಿ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆ ಕಟ್ಟಿದ ಮೇಲೆ ಅಲ್ಲಿ ಇದು ಪ್ರತ್ಯೇಕ ವೃತ್ತಿಯಾಗಿ ಬೆಳೆಯಿತು. ಆದರೆ ಕೆಲಸದ ತಿರುಳು ಈ ನೆಲಕ್ಕೆ ಹೊಸದೇನಲ್ಲ. ಬೆಳಗಾವಿಯ ನೆರೆಯ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1902ರಲ್ಲಿಯೇ ಸಂಸ್ಥಾನದ ನೌಕರಿಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿ, ಸರ್ಕಾರಿ ನೌಕರಿಯಲ್ಲಿ ಯಾವ ಸಮುದಾಯದವರು ಎಷ್ಟಿದ್ದಾರೆ, ಉಳಿದವರು ಏಕೆ ಇಲ್ಲ ಎಂದು ನೋಡಿಸಿತು. ಇಂದಿನ ಸಲಹೆಗಾರನೂ ಮೊದಲು ಮಾಡುವುದು ಅದನ್ನೇ. ಎಣಿಸುತ್ತಾನೆ. ಗೇಟಿನಲ್ಲಿ ಎಷ್ಟು ಹೆಂಗಸರು, ಮೇಸ್ತ್ರಿಗಳಲ್ಲಿ ಎಷ್ಟು, ಮ್ಯಾನೇಜರುಗಳಲ್ಲಿ ಎಷ್ಟು ಎಂದು ಬರೆದು ಮುಂದಿಟ್ಟರೆ ಅರ್ಧ ವಾದ ಅಲ್ಲಿಯೇ ಮುಗಿಯುತ್ತದೆ.

ಎಣಿಸಿದ ಮೇಲಿನ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಬೆಂಗಳೂರಿನ 'ಎನೇಬಲ್ ಇಂಡಿಯಾ' ಒಳ್ಳೆಯ ಉದಾಹರಣೆ. ಸಾಫ್ಟ್‌ವೇರ್ ಎಂಜಿನಿಯರ್ ಶಾಂತಿ ರಾಘವನ್ ಮತ್ತು ಅವರ ಪತಿ ದೀಪೇಶ್ ಸುತಾರಿಯಾ 1999ರಲ್ಲಿ ಇದನ್ನು ಆರಂಭಿಸಿದರು. ಶಾಂತಿಯವರ ತಮ್ಮನಿಗೆ ಹದಿಹರೆಯದಲ್ಲಿ ಕಣ್ಣಿನ ಕಾಯಿಲೆಯಿಂದ ದೃಷ್ಟಿ ಹೋಗಿತ್ತು. ಛಲದಿಂದ ಎಂಬಿಎ ಓದಿದರೂ ಸಂದರ್ಶನಕ್ಕೆ ಹೋದಲ್ಲೆಲ್ಲ ಕಾಣದ ಕಣ್ಣೇ ಎದುರಿದ್ದವರಿಗೆ ಕಾಣುತ್ತಿತ್ತು, ಓದು ಕಾಣುತ್ತಿರಲಿಲ್ಲ. ಮನೆಯೊಳಗಿನ ಆ ಅನುಭವವೇ ಸಂಸ್ಥೆಗೆ ಬೀಜ.

ಇಂಥ ಸಂಸ್ಥೆಯವರು ಕಂಪೆನಿಗೆ ಹೋಗಿ ಕರುಣೆಯ ಭಾಷಣ ಮಾಡುವುದಿಲ್ಲ. ಕೆಲಸ ನಡೆಯುವ ಜಾಗದಲ್ಲಿ ಕುಳಿತು ನೋಡುತ್ತಾರೆ. ಲೆಕ್ಕಪತ್ರ ವಿಭಾಗದ ಒಂದು ಕುರ್ಚಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಕುಳಿತವರು ಬೆಳಗಿನಿಂದ ಸಂಜೆಯವರೆಗೆ ಏನೇನು ಮಾಡುತ್ತಾರೆ? ಬಿಲ್ಲು ಪರಿಶೀಲಿಸುವುದು, ಕಂಪ್ಯೂಟರಿಗೆ ಏರಿಸುವುದು, ಫೋನ್ ಎತ್ತುವುದು, ಸಹಿಗೆ ಕಾಗದ ಒಯ್ಯುವುದು. ಇದರಲ್ಲಿ ಕಣ್ಣಿಲ್ಲದೆ ಆಗದ ಕೆಲಸ ಯಾವುದು, ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವಿದ್ದರೆ ಆಗುವುದು ಯಾವುದು, ಪಕ್ಕದವರೊಂದಿಗೆ ಅದಲುಬದಲು ಮಾಡಿಕೊಳ್ಳಬಹುದಾದ್ದು ಯಾವುದು ಎಂದು ಬಿಡಿಸುತ್ತ ಹೋದರೆ, 'ಕುರುಡರಿಂದ ಇದು ಆಗದು' ಎಂಬ ಮಾತು ಕೊನೆಗೆ 'ಸಹಿಗೆ ಕಾಗದ ಒಯ್ಯಲು ಇನ್ನೊಬ್ಬರು ಬೇಕು' ಎಂಬಷ್ಟಕ್ಕೆ ಇಳಿಯುತ್ತದೆ. ಓದಿ ಹೇಳುವ ತಂತ್ರಾಂಶಕ್ಕೆ ಹಣ ಸುರಿಯಬೇಕಾಗಿಯೂ ಇಲ್ಲ. ಉಚಿತವಾಗಿ ಸಿಗುವ 'ಎನ್‌ವಿಡಿಎ'ಯನ್ನು ಬರೆದವರು ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು.

ಕಟ್ಟಡದ ಪರಿಶೀಲನೆಯೂ ಹೀಗೆಯೇ, ಟೇಪು ಹಿಡಿದು ಮಾಡುವ ಕೆಲಸ. ಗಾಲಿಕುರ್ಚಿಗಾಗಿ ಹಾಕುವ ಇಳಿಜಾರಿಗೆ ಒಂದು ಲೆಕ್ಕವಿದೆ: ಒಂದು ಅಡಿ ಎತ್ತರ ಏರಬೇಕಾದರೆ ಕನಿಷ್ಠ 12 ಅಡಿ ಉದ್ದ ಬೇಕು. ಮೂರು ಮೆಟ್ಟಿಲಿನ ಬದಿಗೆ ನಾಲ್ಕು ಅಡಿಯಲ್ಲಿ ಸಿಮೆಂಟು ಬಳಿದು 'ರ್‍ಯಾಂಪ್ ಮಾಡಿಸಿದ್ದೇವೆ' ಎಂದು ಫೋಟೊ ಹೊಡೆಸಿಕೊಂಡ ಕಚೇರಿಗಳು ಎಷ್ಟಿಲ್ಲ! ಅದರ ಮೇಲೆ ಗಾಲಿಕುರ್ಚಿ ಏರದು, ಇಳಿದರೆ ನಿಲ್ಲದು. ಬಾಗಿಲು 900 ಮಿಲಿಮೀಟರ್ ಅಗಲವಾದರೂ ತೆರೆದುಕೊಳ್ಳಬೇಕು. ಹೊರಗಿನ ಬಾಗಿಲು ಸಾಮಾನ್ಯವಾಗಿ ಅಷ್ಟಿರುತ್ತದೆ. ಶೌಚಾಲಯದ್ದು ಇರುವುದಿಲ್ಲ. ಕೆಲಸಕ್ಕೆ ಬಂದವರು ಇಡೀ ದಿನ ನೀರು ಕುಡಿಯದೆ ಕೂರಬೇಕಾಗುವುದು ಇದರಿಂದ.

'ಎಲ್ಲಾ ಖರೇ, ಆದರ ಇದಕ್ಕ ಪಗಾರ ಕೊಡವ್ರು ಯಾರ್ರೀ?' ಎಂದು ಮುನವಳ್ಳಿಯ ಪಾಲಕರೊಬ್ಬರು ಕೇಳಿದರೆ ತಪ್ಪಿಲ್ಲ. ಕೊಡುವವರು ಇದ್ದಾರೆ, ಏಕೆಂದರೆ ಕಾನೂನು ಹಾಗೆ ಹೇಳುತ್ತದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡಾ 4ರಷ್ಟು ಮೀಸಲು. ಖಾಸಗಿಯವರೂ ಸಮಾನ ಅವಕಾಶದ ನೀತಿಯನ್ನು ಬರೆದು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಅದನ್ನು ನೋಡಿಕೊಳ್ಳಲು ಒಬ್ಬ ಸಂಪರ್ಕಾಧಿಕಾರಿ ಇರಬೇಕು. ಕಟ್ಟಡ ಮತ್ತು ಸೇವೆಗಳ ವಿಷಯದಲ್ಲಿ ಬರಿಯ ಸಲಹೆ ಸಾಲದು, ಕಡ್ಡಾಯ ನಿಯಮಗಳೇ ಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ತೀರ್ಪಿತ್ತಿದೆ. ಷೇರುಪೇಟೆಯ ನಿಯಂತ್ರಕ ಸೆಬಿ ತನ್ನ ಅಧೀನದ ಸಂಸ್ಥೆಗಳ ವೆಬ್‌ಸೈಟ್, ಆ್ಯಪ್‌ಗಳನ್ನು ಅಂಗವಿಕಲರು ಬಳಸಬಲ್ಲರೇ ಎಂದು ಪರಿಶೀಲನೆ ಮಾಡಿಸಲು 2025ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು. ಇನ್ನು ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1ರ ಮೀಸಲಾತಿಯನ್ನು ದೇಶದಲ್ಲಿ ಮೊದಲು ಕೊಟ್ಟದ್ದು ಕರ್ನಾಟಕವೇ, 2021ರಲ್ಲಿ.

ಎಲ್ಲಕ್ಕಿಂತ ವ್ಯಾಪಕವಾದದ್ದು ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಇದರ ಮೂಲ ದೊಡ್ಡ ನಗರದ ಕಚೇರಿಯಲ್ಲಿಲ್ಲ. ರಾಜಸ್ಥಾನದ ಹಳ್ಳಿಯೊಂದರಲ್ಲಿ ಬಾಲ್ಯವಿವಾಹ ತಡೆಯಲು ಹೋದ ಕಾರ್ಯಕರ್ತೆ ಭಂವರಿ ದೇವಿಯವರ ಮೇಲೆ 1992ರಲ್ಲಿ ನಡೆದ ಅತ್ಯಾಚಾರದಿಂದ ಹುಟ್ಟಿದ ಮೊಕದ್ದಮೆಯಲ್ಲಿ, 1997ರ ವಿಶಾಖಾ ತೀರ್ಪಿನಲ್ಲಿ ಅದರ ಬೇರಿದೆ. ಹತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿಯೊಂದು ಕಡೆಯೂ ಆಂತರಿಕ ಸಮಿತಿ ಇರಬೇಕು, ಅದರಲ್ಲಿ ಒಬ್ಬರು ಹೊರಗಿನವರಾಗಿರಬೇಕು. ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು, ನರ್ಸಿಂಗ್ ಹೋಮ್, ಕಾಲೇಜು ಯಾವುದಕ್ಕೂ ಇದರಿಂದ ವಿನಾಯಿತಿ ಇಲ್ಲ. ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳಲ್ಲಿಯೂ ಈ ಕೆಲಸ ಉಂಟು ಎಂಬುದಕ್ಕೆ ಇಷ್ಟು ಸಾಕು. ಆದರೆ ಹೊರಗಿನ ಸದಸ್ಯರಿಗೆ ನಿಯಮಗಳು ಗೊತ್ತುಮಾಡಿದ ಭತ್ಯೆ ದಿನಕ್ಕೆ 200 ರೂಪಾಯಿ ಮತ್ತು ಪ್ರಯಾಣದ ಖರ್ಚು! ಅದಕ್ಕಿಂತ ಹೆಚ್ಚು ಕೊಡುವ ಸಂಸ್ಥೆಗಳೂ ಇವೆ ನಿಜ. ಆದರೂ ಸಮಿತಿಯ ಕುರ್ಚಿಯೊಂದನ್ನೇ ನಂಬಿ ಸಂಸಾರ ನಡೆಯದು. ತರಬೇತಿಗೆ ದಿನದ ಲೆಕ್ಕದಲ್ಲಿ, ಕಟ್ಟಡ ಅಥವಾ ಜಾಲತಾಣದ ಪರಿಶೀಲನೆಗೆ ಗುತ್ತಿಗೆಯ ಲೆಕ್ಕದಲ್ಲಿ ಹಣ ಬರುತ್ತದೆ. ತಿಂಗಳ ಸಂಬಳ ಬೇಕೆನ್ನುವವರು ದೊಡ್ಡ ಕಂಪೆನಿಯ ಸಿಬ್ಬಂದಿ ವಿಭಾಗವನ್ನೋ ಸೇವಾಸಂಸ್ಥೆಯನ್ನೋ ಸೇರುತ್ತಾರೆ.

ಪಾಲಕರಿಂದ ಮುಚ್ಚಿಡಬಾರದ ಇನ್ನೊಂದು ಸಂಗತಿ ಇದೆ. ಬೆಂಗಳೂರಿನ ಬಹುರಾಷ್ಟ್ರೀಯ ಕಂಪೆನಿಗಳಲ್ಲಿ ಈ ಹುದ್ದೆಗಳ ಆಯುಷ್ಯ ಹಲವೊಮ್ಮೆ ಅಮೆರಿಕದ ಗಾಳಿಯನ್ನು ಅವಲಂಬಿಸಿರುತ್ತದೆ. ಅಧ್ಯಕ್ಷ ಟ್ರಂಪ್ 2025ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಕೂಡಲೇ ಇಂಥ ಕಾರ್ಯಕ್ರಮಗಳ ವಿರುದ್ಧ ಆಜ್ಞೆ ಹೊರಡಿಸಿದರು. ಮೆಟಾ, ವಾಲ್‌ಮಾರ್ಟ್‌ನಂಥ ಕಂಪೆನಿಗಳು ಅದಕ್ಕೂ ತುಸು ಮುಂಚೆಯೇ ಕೈ ಹಿಂದೆಗೆದಿದ್ದವು. ಆದ್ದರಿಂದ 'ವೈವಿಧ್ಯ' ಎಂಬ ಹಣೆಪಟ್ಟಿಯ ದುಬಾರಿ ಸರ್ಟಿಫಿಕೇಟು ಕೋರ್ಸಿಗೆ ಹೊಲ ಒತ್ತೆಯಿಟ್ಟು ದುಡ್ಡು ಕಟ್ಟುವುದು ಜಾಣತನವಲ್ಲ. ಮೊದಲು ಕೈಯಲ್ಲೊಂದು ಗಟ್ಟಿ ಕಸುಬು ಬೇಕು. ಕಾನೂನು ಓದಿದವರಿಗೆ 2013 ಮತ್ತು 2016ರ ಕಾಯ್ದೆಗಳೇ ಅನ್ನದ ದಾರಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಇದೆ. ವಾಸ್ತುಶಿಲ್ಪ ಓದುವವರು ಕಟ್ಟಡ ಪರಿಶೀಲನೆಗೆ, ಕಂಪ್ಯೂಟರ್ ಓದುವವರು ಜಾಲತಾಣದ ಪರಿಶೀಲನೆಗೆ ಹೊರಳಬಹುದು. ಪಿಯುಸಿ ಆದವರಿಗೆ ಭಾರತೀಯ ಸಂಜ್ಞಾಭಾಷೆಯ ದುಭಾಷಿಗಳಾಗುವ ಎರಡು ವರ್ಷದ ಡಿಪ್ಲೊಮಾ ಇದೆ. ಕಿವುಡರ ಜೊತೆ ಮಾತಾಡಬಲ್ಲವರು ಕಾರ್ಖಾನೆಗೂ ಬೇಕು, ನ್ಯಾಯಾಲಯಕ್ಕೂ ಬೇಕು. ಮೂರೋ ನಾಲ್ಕೋ ವರ್ಷ ಎಲ್ಲಿಯಾದರೂ ದುಡಿದು, ಒಂದು ಕಾರ್ಖಾನೆ ಒಳಗಿನಿಂದ ಹೇಗಿರುತ್ತದೆ ಎಂದು ತಿಳಿದ ಮೇಲೆಯೇ ಸಲಹೆಗಾರನ ಮಾತಿಗೆ ಕಿಮ್ಮತ್ತು. ಇಪ್ಪತ್ತೆರಡರ ಹುಡುಗ ಬಂದು ಉಪದೇಶ ಮಾಡಿದರೆ ಮೂವತ್ತು ವರ್ಷ ಸರ್ವಿಸಾದ ಮೇಸ್ತ್ರಿ ನಗುತ್ತಾನೆ.

ಸವದತ್ತಿ ಸೀಮೆಯ ವಿದ್ಯಾರ್ಥಿಗೆ ಇಲ್ಲಿ ಒಂದು ಬಂಡವಾಳ ಹುಟ್ಟಿನಿಂದಲೇ ಬಂದಿದೆ. ಹೊರಗಿಡುವುದು ಎಂದರೆ ಏನು ಎಂಬುದನ್ನು ಅವನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಕಾಯ್ದೆ ಬಂದ ಮಾತ್ರಕ್ಕೆ ಬಿಡುಗಡೆ ಆದವರಿಗೆ ಬದುಕು ಸಿಗಲಿಲ್ಲ. ಘಟಪ್ರಭಾದಲ್ಲಿ ನೆಲೆಯೂರಿದ 'ಮಾಸ್' ಎಂಬ ಸಂಸ್ಥೆಯನ್ನು 1997ರಿಂದ ಕಟ್ಟಿ ನಡೆಸಿದವರು ಮಾಜಿ ದೇವದಾಸಿಯರೇ. ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡು, ಮುಂದೆ ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಇದೇ ಜಿಲ್ಲೆಯಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ವಿಷಮಜ್ವರದಿಂದ ದೃಷ್ಟಿ ಕಳೆದುಕೊಂಡ ಮಹಾಂತೇಶ ಕಿವಡಸಣ್ಣವರ 1997ರಲ್ಲಿ ಬೆಂಗಳೂರಿನಲ್ಲಿ 'ಸಮರ್ಥನಂ' ಸಂಸ್ಥೆಯನ್ನು ಗೆಳೆಯರೊಂದಿಗೆ ಸ್ಥಾಪಿಸಿದರು. ಅಂಗವಿಕಲರಿಗೆ ಶಿಕ್ಷಣ, ತರಬೇತಿ ಕೊಟ್ಟು ಕಂಪೆನಿಗಳಿಗೆ ಕಳಿಸುವುದು ಅದರ ದೊಡ್ಡ ಕೆಲಸಗಳಲ್ಲೊಂದು. ಯಲ್ಲಮ್ಮನ ಹೆಸರಿನಲ್ಲಿ ಜೋಗತಿಯಾದ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಒಂದು ಸರ್ಕಾರಿ ಕಚೇರಿ ತನ್ನ ಮುಖ್ಯ ಕುರ್ಚಿಯಲ್ಲಿ ಜೋಗತಿಯೊಬ್ಬರನ್ನು ಕಂಡದ್ದು ಹಾಗೆ.

ಈ ಮೂವರಲ್ಲಿ ಯಾರೂ ಸಲಹೆಗಾರರೆಂಬ ಬೋರ್ಡು ಹಾಕಿಕೊಂಡವರಲ್ಲ. ಆದರೆ ಒಳ್ಳೆಯ ಸಲಹೆಗಾರ ವರದಿ ಬರೆಯುವ ಮುನ್ನ ಕೇಳಬೇಕಾದ್ದು ಇಂಥವರ ಮಾತನ್ನು. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಮಾತಾಡಿಸಬಲ್ಲ, ನೆಲದ ಮೇಲೆ ಕುಳಿತು ಚಹಾ ಕುಡಿಯಬಲ್ಲ ತರುಣ ತರುಣಿಯರು ಈ ಭಾಗದ ಕಾಲೇಜುಗಳಲ್ಲಿ ಬೇಕಾದಷ್ಟಿದ್ದಾರೆ. ಇಂಗ್ಲಿಷ್ ವರದಿ ಬರೆಯುವುದನ್ನು ಅವರು ಆಮೇಲೆಯೂ ಕಲಿಯಬಹುದು.

ಆಸಕ್ತಿ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳಲು ಖರ್ಚಿಲ್ಲದ ಒಂದು ಪರೀಕ್ಷೆಯುಂಟು. ಪಿಯುಸಿ ಅಥವಾ ಡಿಗ್ರಿಯ ವಿದ್ಯಾರ್ಥಿ ದರ್ಜಿಯ ಟೇಪೊಂದನ್ನು ಎರವಲು ಪಡೆದು ತನ್ನದೇ ಕಾಲೇಜನ್ನು ಒಂದು ಸುತ್ತು ಅಳೆಯಲಿ. ಇಳಿಜಾರಿನ ಎತ್ತರ ಎಷ್ಟು, ಉದ್ದ ಎಷ್ಟು. ಗ್ರಂಥಾಲಯ ಯಾವ ಮಹಡಿಯಲ್ಲಿದೆ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ. ಆಂತರಿಕ ಸಮಿತಿಯ ಸದಸ್ಯರ ಹೆಸರುಗಳನ್ನು ನೋಟಿಸ್ ಬೋರ್ಡಿಗೆ ಹಚ್ಚಿದ್ದಾರೆಯೇ. ಕೊನೆಯ ಬಸ್ಸಿಗೆ ಹಳ್ಳಿಗೆ ಮರಳಬೇಕಾದವರು ಸಂಜೆಯ ತರಗತಿಯನ್ನು ಎಷ್ಟು ದಿನ ತಪ್ಪಿಸಿಕೊಂಡರು. ಇದನ್ನು ಎರಡು ಪುಟದಲ್ಲಿ ಬರೆದು, ಯಾರನ್ನೂ ಬಯ್ಯದೆ, ಮೊದಲು ಸರಿಪಡಿಸಬಹುದಾದ ಮೂರು ಸಂಗತಿಗಳನ್ನು ಖರ್ಚಿನ ಅಂದಾಜಿನೊಂದಿಗೆ ಹೇಳಿ, ಪ್ರಾಂಶುಪಾಲರ ಕೈಗೆ ಕೊಟ್ಟು ಒಂದು ಪ್ರತಿಗೆ ಸಹಿ, ತಾರೀಖು ಹಾಕಿಸಿಕೊಂಡು ಬರಲಿ. ತಿಂಗಳು ಬಿಟ್ಟು ಅದೇ ಟೇಪಿನೊಂದಿಗೆ ಮತ್ತೊಂದು ಸುತ್ತು ಹೋಗಲಿ.