ಏರು ಹತ್ತಲು ಸಾಲ ಬೇಕಿಲ್ಲ

ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ಬುಡದಲ್ಲಿ ಲಕ್ಷ ರೂಪಾಯಿ ದಾಟಿದ ಸೈಕಲ್‌ಗಳೂ ಕಾಣಸಿಗುತ್ತವೆ. ಅವನ್ನು ನೋಡಿದ ಕಾಲೇಜು ಹುಡುಗರಲ್ಲಿ ಕೆಲವರು ‘ಇದು ನಮಗಲ್ಲ ಬಿಡು’ ಎಂದು ಆಸೆ ಕೈಬಿಡುತ್ತಾರೆ. ಇನ್ನು ಕೆಲವರು ಕೆಲಸ ಸಿಗುವ ಮೊದಲೇ ಕಂತಿನ ಲೆಕ್ಕ ಹಾಕುತ್ತಾರೆ. ಎರಡೂ ಬೇಡ ಎನ್ನುವುದು, ಕೆಲಸ ಹುಡುಕುತ್ತಲೇ ಹಳೆಯ ಗೇರ್ ಸೈಕಲ್‌ನಲ್ಲಿ ಬೆಟ್ಟ ಹತ್ತುವ ನನ್ನ ವಾದ.

ಪಿಯುಸಿ ಭೌತಶಾಸ್ತ್ರವೇ ಇದಕ್ಕೆ ಸಾಕು. ಸವಾರ, ಸೈಕಲ್ ಸೇರಿ 75 ಕೆ.ಜಿ. ಎಂದುಕೊಳ್ಳಿ. 100 ಮೀಟರ್ ಎತ್ತರ ಏರಲು ಗುರುತ್ವದ ವಿರುದ್ಧ ಸುಮಾರು 73,500 ಜೌಲ್ ಶಕ್ತಿ ಬೇಕು. ಅದನ್ನು 8 ನಿಮಿಷದಲ್ಲಿ ಏರಿದರೆ ಸರಾಸರಿ 153 ವಾಟ್. ಸೈಕಲ್ 1 ಕೆ.ಜಿ. ಹಗುರವಾದರೆ ಅದೇ ಶ್ರಮಕ್ಕೆ ಉಳಿಯುವುದು 6 ಸೆಕೆಂಡಿನ ಆಸುಪಾಸು. ಸ್ಪರ್ಧೆಗೆ ಇಳಿಯುವವರಿಗೆ ಅದು ದೊಡ್ಡದು. ನಮಗೆ ಅದಕ್ಕಾಗಿ ಸಾಲ ಮಾಡುವ ಅಗತ್ಯವಿಲ್ಲ.

ನಿಜವಾದ ವ್ಯತ್ಯಾಸ ಮಾಡುವುದು ವೇಗದ ಹದ. ಬುಡದಲ್ಲಿ ಕಾಲು ತಾಜಾ ಇರುತ್ತದೆ, ಪಕ್ಕದವರನ್ನು ಹಿಂದಿಕ್ಕುವ ಹುಮ್ಮಸ್ಸೂ ಇರುತ್ತದೆ. ಆಗ ಮಿತಿ ಮೀರಿ ತುಳಿದರೆ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ಸಿಗದೆ ಕಾಲು ಬೇಗ ಸೋಲುತ್ತದೆ. ಸಮತಟ್ಟು ರಸ್ತೆಯಲ್ಲಾದರೆ ತುಳಿಯದೆ ಸ್ವಲ್ಪ ದೂರ ಸಾಗಿ ಚೇತರಿಸಿಕೊಳ್ಳಬಹುದು. ಏರಿನಲ್ಲಿ ತುಳಿತ ನಿಂತರೆ ಸೈಕಲ್ಲೂ ನಿಲ್ಲುತ್ತದೆ. ಹಾಗಾಗಿ ಮೊದಲ ಮೂರನೇ ಒಂದು ಭಾಗವನ್ನು ‘ಇದು ತೀರಾ ನಿಧಾನವಾಯಿತೇನೋ’ ಎನಿಸುವಷ್ಟು ತಡೆದು ತುಳಿಯಿರಿ. ಒಂದು ಚಿಕ್ಕ ವಾಕ್ಯ ಮಾತಾಡಲು ಆಗುತ್ತಿದ್ದರೆ ಹದ ಸರಿಯಿದೆ. ಒಂದು ಪದವೂ ಹೊರಡದಿದ್ದರೆ ವೇಗ ಇಳಿಸಿ.

ಏರು ಕಡಿದಾಗುವ ಮೊದಲೇ ಗೇರ್ ಹಗುರ ಮಾಡಿಕೊಳ್ಳಿ: ಮುಂದೆ ಚಿಕ್ಕ ಚಕ್ರ, ಹಿಂದೆ ದೊಡ್ಡದು. ನಿಮಿಷಕ್ಕೆ 70 ಸುತ್ತಿನ ಆಸುಪಾಸು ತುಳಿಯಲು ಆದರೆ ಮಂಡಿಯ ಮೇಲಿನ ಹೊರೆ ತಗ್ಗುತ್ತದೆ. ಎದ್ದು ನಿಂತು ತುಳಿದರೆ ಬಲ ಸಿಗುತ್ತದೆ, ಆದರೆ ಉಸಿರು ಬೇಗ ಏರುತ್ತದೆ. ತಿರುವು ತೀರಾ ಕಡಿದಾಗಿದ್ದಾಗ ಹತ್ತು ಹದಿನೈದು ತುಳಿತಕ್ಕೆ ಮಾತ್ರ ಅದನ್ನು ಬಳಸಿ.

ಉಸಿರಾಟದಲ್ಲಿ ಗಮನ ಹೊರಬಿಡುವ ಉಸಿರಿನ ಮೇಲಿರಲಿ. ಅದು ಪೂರ್ತಿ ಹೋದರೆ ಒಳಗೆಳೆಯುವುದು ತಾನಾಗಿ ಆಳವಾಗುತ್ತದೆ. ಹ್ಯಾಂಡಲ್ ಮೇಲೆ ಕೈ ಸಡಿಲವಾಗಿರಲಿ, ಭುಜ ಕಿವಿಯತ್ತ ಏರದಿರಲಿ, ಹೊಟ್ಟೆ ಉಬ್ಬಲು ಜಾಗವಿರಲಿ. ಮೂಗಿನಿಂದಲೇ ಉಸಿರಾಡಬೇಕೆಂಬ ಹಟ ಬೇಡ.

ಬಲ ಬೆಳೆಸಲು ಪ್ರತಿ ವಾರ ಬೆಟ್ಟವೇ ಬೇಕೆಂದಿಲ್ಲ. ಊರ ಹೊರಗಿನ, ವಾಹನ ಕಡಿಮೆಯಿರುವ ಒಂದು ಏರು ಸಾಕು. ಚೆನ್ನಾಗಿ ಮೈ ಬಿಸಿ ಮಾಡಿಕೊಂಡು 4 ನಿಮಿಷ ಜೋರಾಗಿ, 3 ನಿಮಿಷ ನಿಧಾನವಾಗಿ, ಹೀಗೆ ನಾಲ್ಕು ಬಾರಿ ತುಳಿಯಿರಿ. ವಾರಕ್ಕೆ ಎರಡು ದಿನ ಇದು, ನಡುವೆ ಬಿಡುವು, ಉಳಿದಂತೆ ಹಗುರ ಸವಾರಿ. ಹೊಸಬರು ಎರಡೇ ಬಾರಿಯಿಂದ ಆರಂಭಿಸಲಿ. ಎದೆ ನೋವು, ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಿಸಿ, ವೈದ್ಯರನ್ನು ಕಾಣಿ.

ಸಂಬಳ ಬಂದ ಮೇಲೆ ಒಳ್ಳೆಯ ಸೈಕಲ್ ಕೊಳ್ಳಿ, ತಪ್ಪೇನಿಲ್ಲ. ಅಲ್ಲಿಯವರೆಗೆ ಇರುವ ದುಡ್ಡನ್ನು ಬ್ರೇಕ್, ಟೈರ್, ಹೆಲ್ಮೆಟ್‌ಗೆ ಹಾಕಿ. ಹತ್ತಿದ ಬೆಟ್ಟವನ್ನು ಇಳಿಯಲೂ ಬೇಕಲ್ಲ!